ಭಟ್ಟಿ ಇಲ್ಲದ ಬ್ರೆಡ್ಡು

ಹೋದ ತಿಂಗಳು ಕುರುಗೋಡಿನಿಂದ ಫೋನು ಬಂದಾಗ ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ಸಂಜೆ ಬಂದು, ಅಜ್ಜಿ ಯಾಕೆ ದೀಪ ಹಾಕದೆ ಅಡುಗೆಮನೆಯಲ್ಲಿ ಕೂತಿದ್ದಾಳೆ ಎಂದು ನಿಮ್ಮಪ್ಪನನ್ನು ಕೇಳಿದಿರಿ. ಆಪಾ ತೀರಿಕೊಂಡರಂತೆ ಎಂದು ಅವನು ಹೇಳಿದ. ಯಾವ ಆಪಾ ಎಂದು ನೀವು ನನ್ನ ಮುಖ ನೋಡಿದಿರಿ. ನನಗೆ ಹೇಳಲು ಬರಲಿಲ್ಲ. ಸಣ್ಣವಳಿದ್ದಾಗಿನಿಂದಲೂ ನನಗೆ ಮಾತು ಕಡಿಮೆ. ಸಿರಿಗೇರಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರಿಂದ ಬರೆಯುವುದಾದರೂ ಬರುತ್ತದೆ. ಹಾಗಾಗಿ ಬರೆದಿಡುತ್ತಿದ್ದೇನೆ. ಬೇಕೆನಿಸಿದಾಗ ಓದಿಕೊಳ್ಳಿ.

ಅವರ ಹೆಸರು ಬರೆಯುವುದಿಲ್ಲ. ನಾಲ್ಕು ಮಂದಿಯ ಬಾಯಲ್ಲಿ ತಮ್ಮ ಹೆಸರು ಬರುವುದು ಅವರಿಗೆ ಸೇರುತ್ತಿರಲಿಲ್ಲ. ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಅವರ ಗಂಡ ಬೇಕರಿಯಲ್ಲಿ ಭಟ್ಟಿಯ ಕೆಲಸ ಮಾಡುತ್ತಿದ್ದರು. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು.

ನಿಮ್ಮ ಅಜ್ಜ ಹೋದ ಮೇಲೆ ನಿಮ್ಮಪ್ಪನನ್ನು ಕರೆದುಕೊಂಡು ನಾನು ಬಳ್ಳಾರಿಗೆ ಬಂದೆ. ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿತು. ನಡುವಿನ ಗೋಡೆಯ ಆಚೆ ಆಪಾನ ಮನೆ. ಹಿತ್ತಲು ಮಾತ್ರ ಇಬ್ಬರಿಗೂ ಒಂದೇ. ಜೀನ್ಸ್ ಹೊಲಿಯುವವರು ಪ್ಯಾಂಟುಗಳ ಗಂಟು ತಂದು ಹಾಕುತ್ತಿದ್ದರು. ಹೊಲಿಗೆಯಲ್ಲಿ ಉಳಿದ ದಾರಗಳನ್ನು ಕತ್ತರಿಸಿ ಕೊಡುವುದು ನನ್ನ ಕೆಲಸ. ಬಾಗಿಲಲ್ಲಿ ಕೂತು ತಲೆ ತಗ್ಗಿಸಿ ಮಾಡುವ ಕೆಲಸವಾದ್ದರಿಂದ ನನಗೆ ಹೊಂದಿತು.

ಬಂದ ಮೊದಲ ವಾರವೇ ನಲ್ಲಿಯ ಹತ್ತಿರ ಯಾರೋ ನನ್ನ ಕೊಡವನ್ನು ಸಾಲಿನ ಹಿಂದಕ್ಕೆ ಸರಿಸಿದರು. ನಾನು ಸುಮ್ಮನೆ ನಿಂತೆ. ಎತ್ತರದ ಒಬ್ಬ ಹೆಂಗಸು ಬಂದು ಕೊಡ ಎತ್ತಿ ಮತ್ತೆ ಮುಂದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಏನವಾ, ಬಾಯಾಗ ನೀರು ತುಂಬ್ಕೊಂಡು ಬಂದೀಯೇನು? ಹಂಗಾರ ಕೊಡ ಯಾಕ ತಂದಿ?” ಎಂದರು. ನಲ್ಲಿಯ ಹತ್ತಿರ ಇದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಅವತ್ತಿನಿಂದ ನನ್ನ ಬಾಯಿಯ ಕೆಲಸವನ್ನು ಅವರೇ ವಹಿಸಿಕೊಂಡರು. ಪ್ಯಾಂಟಿನ ಗಂಟು ತರುವವನು ನನ್ನನ್ನು ‘ಏ’ ಎಂದು ಕರೆದರೆ ಗೋಡೆಯ ಆಚೆಯಿಂದಲೇ, ಆಕಿಗೂ ಒಂದು ಹೆಸರೈತಿ, ಗೊತ್ತಿಲ್ಲಂದ್ರ ಅಮ್ಮಾ ಅನ್ನು ಎಂದು ಕೂಗುತ್ತಿದ್ದರು. ನಮ್ಮೊಂದಿಗೆ ಕನ್ನಡ, ತರಕಾರಿಯವಳ ಜೊತೆ ಜಗಳಕ್ಕೆ ತೆಲುಗು, ದೇವರ ಹತ್ತಿರ ಉರ್ದು. ದೇವರ ಹತ್ತಿರವೂ ಅವರು ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಆ ಕಾಲದಲ್ಲಿ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಓವನ್ನು ಇರಲಿಲ್ಲ. ಹಬ್ಬ ಬಂದರೆ ಹೆಂಗಸರು ಮನೆಯಲ್ಲೇ ಬಿಸ್ಕತ್ತಿನ ಹಿಟ್ಟು ಕಲಸಿ, ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಬೇಕರಿಯ ಭಟ್ಟಿಗೆ ಒಯ್ಯುತ್ತಿದ್ದರು. ರಂಜಾನಿಗೆ ಅವರು, ದೀಪಾವಳಿಗೆ ನಾವು, ಡಿಸೆಂಬರಿನಲ್ಲಿ ಕಂಟೋನ್ಮೆಂಟಿನ ಕಡೆಯ ಕ್ರೈಸ್ತರು. ತಟ್ಟೆಗಳು ಅದಲುಬದಲಾಗಬಾರದೆಂದು ಒಬ್ಬರು ಹಿಟ್ಟಿನ ಮೇಲೆ ಬಳೆ ಒತ್ತುತ್ತಿದ್ದರು, ಇನ್ನೊಬ್ಬರು ಹುಣಸೆ ಬೀಜ ಇಡುತ್ತಿದ್ದರು. ಉಸ್ತಾದರು ಉದ್ದನೆಯ ಹಲಗೆಯ ಸೌಟಿನಿಂದ ತಟ್ಟೆಗಳನ್ನು ಒಳಗೆ ತಳ್ಳಿ ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಒಳಗೆ ಹಸಿ ಉಳಿದ ತಟ್ಟೆಯನ್ನು ಅವರು ಹೊರಗೆ ಕೊಟ್ಟದ್ದಿಲ್ಲ. ಹೆಂಗಸರು ಎಷ್ಟು ಅವಸರ ಮಾಡಿದರೂ ಸೌಟಿಗೆ ಆನಿಕೊಂಡು, ಇನ್ನೂ ಐತಿ, ಇನ್ನೂ ಐತಿ ಎನ್ನುತ್ತಿದ್ದರು. ಬೇರೆಯವರು ಕಳ್ಳತನವನ್ನು ಹೇಗೆ ನೋಡುತ್ತಾರೋ ಅವರು ಹಸಿ ಬ್ರೆಡ್ಡನ್ನು ಹಾಗೆ ನೋಡುತ್ತಿದ್ದರು.

ಇಷ್ಟು ದೊಡ್ಡ ಭಟ್ಟಿಯವರ ಹೆಂಡತಿಗೆ ಬ್ರೆಡ್ಡು ಮಾಡಲು ಬರುತ್ತಿರಲಿಲ್ಲ. ಯಾಕೆ ಬರಬೇಕು? ದಿನಾ ಸಂಜೆ ಅದು ಬಿಸಿಬಿಸಿಯಾಗಿ ಗಂಡನ ಕಂಕುಳಲ್ಲಿ ಮನೆಗೆ ಬರುತ್ತಿತ್ತು. ಬಿರಿಯಾನಿಗೆ ದಮ್ಮು ಕಟ್ಟುವುದರಲ್ಲಿ ಮಾತ್ರ ಓಣಿಯಲ್ಲಿ ಅವರನ್ನು ಮೀರಿಸಿದವರಿರಲಿಲ್ಲವೆಂದು ತಿಂದವರು ಹೇಳುತ್ತಿದ್ದರು. ನಮ್ಮದು ಮಾಂಸ, ತತ್ತಿ ಮುಟ್ಟದ ಮನೆ. ನಮಗೆ ಬರುತ್ತಿದ್ದದ್ದು ಅದರ ವಾಸನೆಯಷ್ಟೇ.

ಆಮೇಲೆ ಅದಿರಿನ ಕಾಲ ಬಂತು. ಸಂಡೂರಿನ ಕಡೆಯಿಂದ ಹಗಲೂ ರಾತ್ರಿ ಲಾರಿ. ಊರ ಹೊರಗಿನ ಗಿಡಗಳೆಲ್ಲ ಕೆಂಪಾದವು. ನಮ್ಮ ಓಣಿಯ ಕಿಟಕಿಗಳ ಮೇಲೂ ಕುಂಕುಮದಂತಹ ಧೂಳು ಕೂರುತ್ತಿತ್ತು. ಆಪಾ ಹೊತ್ತುಹೊತ್ತಿಗೆ ಒದ್ದೆ ಬಟ್ಟೆಯಿಂದ ಕಿಟಕಿ ಒರೆಸಿ, ಆ ಬಟ್ಟೆ ಹಿಂಡಿ ಕೆಂಪು ನೀರು ತೋರಿಸಿ, “ನೋಡವಾ, ನಮ್ಮ ಮನಿಗೂ ಗಣಿ ಬಂತು” ಎನ್ನುತ್ತಿದ್ದರು. ಹೆಲಿಕಾಪ್ಟರಿನ ಸದ್ದಾದರೆ ಓಣಿಯವರೆಲ್ಲ ಕತ್ತೆತ್ತಿ ಇವತ್ತು ಯಾವ ಸಾಹುಕಾರರದ್ದು ಎಂದು ನೋಡುತ್ತಿದ್ದರು. ಆಪಾ ಮಾತ್ರ ಓಡಿಹೋಗಿ ಮಾಳಿಗೆಯ ಮೇಲೆ ಒಣಹಾಕಿದ ಗೋಧಿಗೆ ಬಟ್ಟೆ ಮುಚ್ಚುತ್ತಿದ್ದರು.

ಬೇಕರಿಯ ಯಜಮಾನರ ಮಕ್ಕಳು ಲಾರಿ ಮಾಡಿದರು. ಬ್ರೆಡ್ಡು ಬನ್ನಿನಲ್ಲಿ ಏನಿದೆ ಎಂದು ಅವರಿಗೆ ಅನಿಸಿರಬೇಕು. ಒಂದು ದಿನ ಭಟ್ಟಿಗೆ ಸೌದೆ ಹಾಕುವುದು ಬೇಡವೆಂದರು. ಮುಂದಿನ ವಾರ ಅದನ್ನು ಒಡೆಸಿದರು. ಮೂರು ತಲೆಮಾರಿನ ಭಟ್ಟಿಯಂತೆ. ಒಡೆದ ಮೇಲೂ ಇಟ್ಟಿಗೆಗಳು ಎರಡು ದಿನ ಬಿಸಿಯಿದ್ದವು ಎಂದು ಜನ ಆಡಿಕೊಂಡರು. ಆ ಜಾಗದಲ್ಲಿ ಲಾರಿ ಟೈರುಗಳನ್ನು ಪೇರಿಸಿದರು. ಯಜಮಾನರು ಹಳೆಯ ಮನುಷ್ಯ, ಉಸ್ತಾದರನ್ನು ಬೀದಿಗೆ ಬಿಡಲಿಲ್ಲ. ಟೈರು ಕಾಯಲು ಒಂದು ಕುರ್ಚಿ ಹಾಕಿಕೊಟ್ಟರು.

ಆಪಾ ಅದನ್ನು ಯಾರ ಮುಂದೆಯೂ ದೂರಲಿಲ್ಲ. ಬೆಂಕಿ ಮುಂದ ಕುಂತವರು ಈಗ ರಬ್ಬರ ಮುಂದ ಕುಂತಾರ ಎಂದು ಒಮ್ಮೆ ನನ್ನ ಹತ್ತಿರ ಮಾತ್ರ ಹೇಳಿದರು. ಅಂಗಡಿಯ ಬ್ರೆಡ್ಡನ್ನು ಉಸ್ತಾದರು ಮನೆಗೆ ತರಗೊಡುತ್ತಿರಲಿಲ್ಲ. ಸಂಜೆ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತು, ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಆ ಕೈಗಳ ಮೇಲೆ ಕೂದಲೇ ಇರಲಿಲ್ಲ, ಭಟ್ಟಿಯ ಝಳಕ್ಕೆ ಎಲ್ಲ ಹೋಗಿತ್ತು. ಟೈರು ಕಾಯುವ ಕೆಲಸ ಹಿಡಿದ ಮೇಲೆ ಸಣ್ಣ ಸಣ್ಣ ಕೂದಲು ಮತ್ತೆ ಬರತೊಡಗಿದವು. ಅದನ್ನು ನೋಡಿ ಆಪಾ ನಕ್ಕರು. ಅವರು ನಗಲಿಲ್ಲ.

ಆ ಕುರ್ಚಿಯಲ್ಲೇ ಅವರಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈ, ಕಾಲು, ಮುಖ ಬಿದ್ದುಹೋದವು. ಮಾತೂ ಹೋಯಿತು. ದೊಡ್ಡಾಸ್ಪತ್ರೆಯಲ್ಲಿ ಮೂಗಿನ ಮೂಲಕ ಹೊಟ್ಟೆಗೆ ನಳಿಗೆ ಹಾಕಿ ಅದರಿಂದಲೇ ಆಹಾರ ಬಿಡುತ್ತಿದ್ದರು. ಸರಿಯಿದ್ದ ಎಡಗೈಯಿಂದ ಉಸ್ತಾದರು ಅದನ್ನು ಕಿತ್ತು ಹಾಕಿದರು. ಮತ್ತೆ ಹಾಕಿದರೆ ಮತ್ತೆ ಕಿತ್ತರು. ಕೈ ಕಟ್ಟೋಣವೇ ಎಂದು ದಾದಿ ಕೇಳಿದಾಗ ಆಪಾ ಗಂಡನ ಆ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡು ಬೇಡವೆಂದರಂತೆ.

ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯಿಂದ ತಿಳಿಸಿ ಹೇಳಿದರು. ಗಂಟಲು ಸೋತಿದೆ. ನೀರಿನ ಹಾಗಿದ್ದದ್ದು ಜಾರಿ ಶ್ವಾಸದ ದಾರಿಗೆ ಹೋಗುತ್ತದೆ. ಒಣಗಿದ್ದು ಪುಡಿಯಾಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆಯಾಗಿರಬೇಕು, ಆದರೆ ನೀರು ಬಿಡಬಾರದು. ಮೆತ್ತಗಿರಬೇಕು, ಆದರೆ ಉದುರಬಾರದು. ಅಂಥದ್ದನ್ನು ಕೂರಿಸಿಕೊಂಡು, ಚೂರು ಚೂರಾಗಿ ಕೊಟ್ಟು ನೋಡಿ. ಹಾಗೆ ಸಾಕಷ್ಟು ತಿಂದರೆ ನಳಿಗೆ ಬೇಡ. ಕೆಮ್ಮಿದರೆ ನಿಲ್ಲಿಸಿ ಕರೆದುಕೊಂಡು ಬನ್ನಿ, ನಳಿಗೆ ಹಾಕಲೇಬೇಕಾಗುತ್ತದೆ.

ಮನೆಗೆ ಬಂದ ದಿನದಿಂದ ಆಪಾನ ಕಣ್ಣಿಗೆ ಇನ್ನೇನೂ ಬೀಳಲಿಲ್ಲ. ಗಂಜಿ ಕೊಟ್ಟರೆ ಕೆಮ್ಮು ಬರುತ್ತಿತ್ತು. ಹಾಲಿನಲ್ಲಿ ಬನ್ನು ನೆನೆಸಿ ಕೊಟ್ಟರೆ ಹಾಲು ಒಂದು ಕಡೆ, ಬನ್ನು ಒಂದು ಕಡೆಯಾಗಿ ಮತ್ತೆ ಕೆಮ್ಮು. ಅನ್ನವನ್ನು ಅರೆದು ಉಂಡೆ ಮಾಡಿ ಇಟ್ಟರೆ ಅವರು ಬಾಯಿಯನ್ನೇ ತೆರೆಯಲಿಲ್ಲ. ಕೂಸಿನ ಊಟ ಎಂದು ನಾಚಿಕೆಯೋ ಏನೋ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿದರು. ಕುತ್ತಿಗೆಯ ಎಲುಬು ಕಾಣತೊಡಗಿತು.

ಆಗ ಆಪಾಗೆ ಕಂಟೋನ್ಮೆಂಟಿನ ಒಬ್ಬ ಟೀಚರಮ್ಮ ನೆನಪಾದರು. ಪ್ರತಿ ಡಿಸೆಂಬರಿನಲ್ಲಿ ಅವರು ಭಟ್ಟಿಗೆ ಒಂದು ತಗಡಿನ ಡಬ್ಬಿಯಲ್ಲಿ ಬಾಳೆಹಣ್ಣು ಕಲಸಿದ ಹಿಟ್ಟು ತರುತ್ತಿದ್ದರಂತೆ. ಬೆಂದ ಮೇಲೆ ಉಸ್ತಾದರಿಗೆ ಒಂದು ತುಂಡು ಕೊಡುತ್ತಿದ್ದರು. ಅವರು ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಇದು ಬ್ರೆಡ್ಡೂ ಅಲ್ಲ, ಹಲ್ವಾನೂ ಅಲ್ಲ ಎಂದು ಹಾಸ್ಯ ಮಾಡುತ್ತಲೇ ಮುಕ್ಕಾಲು ಪಾಲು ತಾವೇ ತಿನ್ನುತ್ತಿದ್ದರು. ಬೆರಳಿಗೆ ಅಂಟುವಷ್ಟು ಒದ್ದೆ, ಆದರೆ ಹಿಂಡಿದರೆ ನೀರಿಲ್ಲ, ಉದುರುವುದೂ ಇಲ್ಲ. ಡಾಕ್ಟರು ಹೇಳಿದ್ದು ಇದೇ ಎಂದು ಆಪಾಗೆ ಹೊಳೆದದ್ದು ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ. ಬೂದಿ ಮೆತ್ತಿದ ಕೈಯಲ್ಲೇ ನನ್ನ ಬಾಗಿಲಿಗೆ ಬಂದು, “ತಂಗಿ, ನಿಮ್ಮಣ್ಣನ ಹೊಲದಾಗ ಬಾಳಿ ಐತಿ ಅಂದಿದ್ದಿಯಲ್ಲ?” ಎಂದರು.

ನನ್ನ ಅಣ್ಣ ಆಗ ಹಚ್ಚೊಳ್ಳಿಯಲ್ಲಿದ್ದ. ಕಾಲುವೆ ನೀರಿನ ಹೊಲದ ಬದುವಿನಲ್ಲಿ ಬಾಳೆ ಹಾಕಿದ್ದ. ಸಿರುಗುಪ್ಪದ ಬಸ್ಸಿನಲ್ಲಿ ಒಂದು ಗೊನೆ ಕಳಿಸಿದ. ಆಪಾ ಅದನ್ನು ಹಿತ್ತಲ ತೊಲೆಗೆ ಕಟ್ಟಿ, ಹಣ್ಣಿನ ಸಿಪ್ಪೆ ಪೂರ್ತಿ ಕಪ್ಪಾಗುವವರೆಗೂ ಯಾರಿಗೂ ಮುಟ್ಟಗೊಡಲಿಲ್ಲ. ನೊಣ ಮುತ್ತುತ್ತಿದ್ದವು. ಎಲ್ಲರೂ ಚಲೋ ಹಣ್ಣು ತಿಂದ್ರ ಆಪಾಗ ಕೊಳೆತದ್ದ ಬೇಕು ಎಂದು ಓಣಿಯವರು ಆಡಿಕೊಂಡರು. ಹೌದವಾ, ನಿಮ್ಮಂಥವರ ನಡುವ ಇದ್ದು ಇದ್ದು ರೂಢಿಯಾಗೈತಿ ಎಂದು ಆಪಾ ತಿರುಗಿಸಿ ಕೊಟ್ಟರು.

ಭಟ್ಟಿ ಎಲ್ಲಿದೆ? ಹಗರಿ ಹೊಳೆಯ ಉಸುಕು ತರಿಸಿ ಜರಡಿ ಹಿಡಿದು, ದಪ್ಪ ತಳದ ಡೇಗ್ಚಿಯಲ್ಲಿ ನಾಲ್ಕು ಬೆರಳು ಹರಡಿದರು. ಅದರ ಮೇಲೆ ಒಂದು ಬಟ್ಟಲು ಬೋರಲು ಹಾಕಿ, ಬಟ್ಟಲ ಮೇಲೆ ಹಿಟ್ಟಿನ ಡಬ್ಬಿ. ಸೀಮೆಎಣ್ಣೆಯ ಸ್ಟೋವು ಕೆಳಗೆ, ಮುಚ್ಚಳದ ಮೇಲೆ ಕೆಂಡ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಜೀವಮಾನವೆಲ್ಲ ದಮ್ಮು ಕಟ್ಟಿದ ಕೈ ಅದು. ಅಭ್ಯಾಸಬಲದಿಂದ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಒಂದು ಎಳೆ ಹಬೆಯೂ ಹೊರಗೆ ಹೋಗದಂತೆ ಬಿಗಿದುಬಿಟ್ಟರು. ಬಿರಿಯಾನಿಗೆ ಅದೇ ಬೇಕು. ಬ್ರೆಡ್ಡು ಮಾತ್ರ ಕಡುಬಿನ ಹಾಗೆ ಬಿಳಿಚಿಕೊಂಡು, ಮೇಲೆಲ್ಲ ನೀರು ಸುರಿಸಿಕೊಂಡು ಹೊರಗೆ ಬಂತು.

ಆದರೂ ಒಂದು ಚೂರು ಉಸ್ತಾದರ ಬಾಯಿಗೆ ಇಟ್ಟರು. ಅವರು ಬಾಯಿ ತೆರೆದದ್ದೇ ಆಪಾಗೆ ದೊಡ್ಡದಾಗಿತ್ತು. ಅವರು ನಾಲಿಗೆಯಲ್ಲಿ ಅದನ್ನು ತಿರುಗಿಸಿದರು, ಮುಖ ಕಿವುಚಿದರು, ನಾಲಿಗೆಯಿಂದಲೇ ಹೊರಗೆ ತಳ್ಳಿದರು. ಆಮೇಲೆ, ಲಕ್ವ ಹೊಡೆದ ಮೇಲೆ ಮೊದಲ ಸಲ, ಒಂದು ಮಾತು ಆಡಿದರು.

“ಹಸಿ.”

ಆಪಾ ಬಾಗಿಲಿಗೆ ಬಂದು ನಿಂತರು. ಅಳುತ್ತಾರೆಂದುಕೊಂಡೆ. “ಅರ್ಧ ಮೈ ಸತ್ತೈತಿ, ನಾಲಿಗಿ ಮಾತ್ರ ಇನ್ನಾ ಭಟ್ಟಿ ಮುಂದ ಕುಂತೈತಿ” ಎಂದರು. ಅವರ ಮುಖದಲ್ಲಿ ಎಷ್ಟು ಸಿಟ್ಟಿತ್ತೋ ಅಷ್ಟೇ ಸಂತೋಷವೂ ಇತ್ತು.

ಎರಡನೆಯ ಸಲ ಹಿಟ್ಟು ಮೆತ್ತಲಿಲ್ಲ, ಆದರೆ ಹಸಿ ಉಳಿಯಬಾರದೆಂದು ಬೆಂಕಿ ಹೆಚ್ಚು ಮಾಡಿದರು. ಮೇಲೆ ಚೆನ್ನಾಗಿ ಕೆಂಪಾಯಿತು, ಒಳಗೆ ಒಣಗಿತು. ಉಸ್ತಾದರು ಬಾಯಿಗೆ ತೆಗೆದುಕೊಂಡರು, ತಲೆ ಆಡಿಸಿದರು, ನುಂಗಿದರು. ಆಮೇಲೆ ಕೆಮ್ಮು ಹತ್ತಿತು. ಮುಖ ನೀಲಿಗಟ್ಟಿತು. ನಾನೂ ಓಡಿಹೋಗಿ ಬೆನ್ನು ಹಿಡಿದುಕೊಂಡೆ. ಉಸಿರು ಮತ್ತೆ ಸರಿಯಾದಾಗ ಆಪಾ ಉಳಿದ ಬ್ರೆಡ್ಡನ್ನೆಲ್ಲ ಮಾಳಿಗೆಯ ಮೇಲೆ ಕಾಗೆಗಳಿಗೆ ಎಸೆದು ಬಂದು, ಒಲೆಯ ಮುಂದೆ ಕಾಲು ಚಾಚಿ ಕೂತರು. ಹಸಿ ಅಂದ್ರ ಉಗುಳ್ತಾರ, ಬೆಂದ್ರ ಸಾಯ್ತಾರ ಎಂದು ಒಲೆಗೆ ಹೇಳಿದರು. ಅವರು ಒಲೆಯ ಜೊತೆ ಮಾತಾಡುತ್ತಿದ್ದರು. ಮನುಷ್ಯರಿಗಿಂತ ಅದು ಲಕ್ಷ್ಯ ಕೊಟ್ಟು ಕೇಳುತ್ತದಂತೆ.

ನಮ್ಮ ಊರಲ್ಲಿ ಕಡುಬು ಬೇಯಿಸುವಾಗ ಮುಚ್ಚಳದ ನೀರು ಕಡುಬಿನ ಮೇಲೆ ಬೀಳದಿರಲಿ ಎಂದು ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಕಟ್ಟುತ್ತಾರೆ. ಅದನ್ನು ನಾನು ಮೆಲ್ಲಗೆ ಹೇಳಿದೆ. ಆಪಾ ತಿರುಗಿ ನೋಡಿ, “ಇಷ್ಟು ದಿನ ಎಲ್ಲಿ ಇಟ್ಟಿದ್ದಿ ಈ ಬಾಯಿ?” ಎಂದರು. ಬಟ್ಟೆ ಕಟ್ಟಿದರು. ಅಂಚಿನಲ್ಲಿ ಒಂದು ಕಡ್ಡಿ ಸಿಗಿಸಿ ಹಬೆಗೆ ಸಣ್ಣ ದಾರಿ ಬಿಟ್ಟರು. ಉಳಿದದ್ದೆಲ್ಲ ಅವರೇ ಮಾಡಿ ಕಲಿತದ್ದು. ಹಣ್ಣನ್ನು ಕೈಯಿಂದಲೇ ಕಿವುಚಬೇಕು. ತುಪ್ಪ ತಣ್ಣಗಾದರೆ ಬಿಗಿಯುತ್ತದೆ, ಎಣ್ಣೆಯೇ ಆಗಬೇಕು. ಸಕ್ಕರೆಗಿಂತ ಬೆಲ್ಲ, ಎರಡು ಚಮಚ ಹುಳಿಮೊಸರು. ಮೈದಾ ಹಾಕಿದ ಮೇಲೆ ಹೆಚ್ಚು ಕಲಸಬಾರದು, ಹಿಟ್ಟು ಕಾಣದಂತಾದರೆ ಸಾಕು. ಇಳಿಸಿದ ಮೇಲೆ ಬಿಸಿಯಿರುವಾಗಲೇ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಮಾರನೆಯ ದಿನದವರೆಗೆ ಬಿಚ್ಚಬಾರದು. ಬಿಸಿ ಬ್ರೆಡ್ಡು ಉದುರುತ್ತದೆ. ಒಂದು ರಾತ್ರಿ ಕಳೆದದ್ದು ಒಳಗೊಳಗೇ ನೀರು ಹಿಡಿದು ಮೆತ್ತಗಾಗುತ್ತದೆ. ನೀವು ಮೊಬೈಲು ನೋಡಿ ಮಾಡುತ್ತೀರಲ್ಲ, ಅದು ಒಣಗಿತು ಎಂದು ಮೊನ್ನೆ ಜಗಳವಾಡುತ್ತಿದ್ದಿರಿ. ಹೀಗೆ ಮಾಡಿ ನೋಡಿ. ಆಪಾನ ಹಿಟ್ಟಿಗೆ ಒಂದು ತತ್ತಿಯೂ ಬೀಳುತ್ತಿದ್ದದ್ದರಿಂದ ನಾನಂತೂ ಅದರ ರುಚಿ ನೋಡಿಲ್ಲ.

ಆ ಬ್ರೆಡ್ಡನ್ನು ಉಸ್ತಾದರು ತಿಂದ ದಿನ ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುತ್ತಿದ ಹಾಸಿಗೆಗೆ ಒರಗಿಸಿ ಕೂರಿಸಿದ್ದರು. ಆಪಾ ಹುಣಸೆ ಬೀಜದಷ್ಟು ಮುರಿದು, ಸರಿಯಿದ್ದ ಕಡೆಯ ದವಡೆಯಲ್ಲಿ ಇಟ್ಟರು. ಉಸ್ತಾದರು ಕಣ್ಣು ಮುಚ್ಚಿ ನಾಲಿಗೆಯಲ್ಲಿ ಅದನ್ನು ಒತ್ತಿ ನೋಡಿದರು. ಗಂಟಲಿನ ಗಂಟು ಮೇಲೆದ್ದು ಕೆಳಗೆ ಇಳಿಯುವವರೆಗೂ ಆಪಾ ಉಸಿರು ಬಿಡಲಿಲ್ಲ. ಹಸಿ ಎನ್ನಲಿಲ್ಲ ಅವರು, ಚಲೋ ಎಂದೂ ಅನ್ನಲಿಲ್ಲ. ಮತ್ತೆ ಬಾಯಿ ತೆರೆದರು.

ಅಲ್ಲಿಂದ ಮುಂದೆ ಅವರ ಮನೆಯ ದಿನಚರಿ ಅದೊಂದೇ. ಒಂದು ದಿನ ಸುಡುವುದು, ಮಾರನೆಯ ದಿನ ಬಿಚ್ಚುವುದು. ಒಂದು ತುಂಡು ತಿನ್ನಿಸಲು ಅರ್ಧ ಬೆಳಗು ಬೇಕಾಗುತ್ತಿತ್ತು. ಆಪಾ ಮದುವೆಗೆ, ಮುಂಜಿಗೆ, ಎಲ್ಲಿಗೂ ಹೋಗಲಿಲ್ಲ. ಕುರುಗೋಡಿಗೆ ಕೊಟ್ಟ ಮಗಳು ಹೆತ್ತಾಗ ಕೂಸನ್ನು ಅವಳೇ ಇಲ್ಲಿಗೆ ತಂದು ತೋರಿಸಿದಳು. ಓಣಿಯಲ್ಲಿ ಎಷ್ಟೋ ಜನ ಹೊಸ ಗಾಡಿ ತಂದರು, ಹಳೆಯ ಮನೆ ಕೆಡವಿ ಗಾಜಿನ ಕಿಟಕಿಯ ಮನೆ ಕಟ್ಟಿದರು. ಆಪಾ ಯಾವುದನ್ನೂ ತಲೆಯೆತ್ತಿ ನೋಡಲಿಲ್ಲ. ಧೂಳು ಬರುತ್ತದೆಂದು ಕಿಟಕಿ ಮುಚ್ಚಿ, ಆ ಕತ್ತಲ ಕೋಣೆಯಲ್ಲಿ ಗಂಡನ ಗಂಟಲನ್ನೇ ನೋಡುತ್ತ ಕೂತಿರುತ್ತಿದ್ದರು. ಅವರ ದನಿ ಸಣ್ಣದಾಯಿತು. ಗಟ್ಟಿಯಾಗಿ ಮಾತಾಡಿದರೆ ಉಸ್ತಾದರ ಲಕ್ಷ್ಯ ತಪ್ಪಿ ತುತ್ತು ಅಡ್ಡದಾರಿ ಹಿಡಿಯಬಹುದೆಂಬ ಹೆದರಿಕೆ.

ಉಸ್ತಾದರ ಅಣ್ಣ ಸಿರುಗುಪ್ಪದಲ್ಲಿದ್ದರು, ಅಕ್ಕಿ ಗಿರಣಿಯಲ್ಲಿ ಕೆಲಸ. ತಮ್ಮನನ್ನು ಎತ್ತಿ ಆಡಿಸಿದವರು. ಬಂದಾಗಲೆಲ್ಲ ಅವನ ಎಲುಬು ಮುಟ್ಟಿ ನೋಡಿ ಕಣ್ಣೀರು ಹಾಕುತ್ತಿದ್ದರು. ಇಷ್ಟು ಚೂರು ತಿಂದು ಮನುಷ್ಯ ಬದುಕುತ್ತಾನೆಯೇ, ನಳಿಗೆ ಹಾಕಿಸಿ, ಹೊಟ್ಟೆ ತುಂಬ ಬೀಳಲಿ ಎಂದು ಹೇಳುತ್ತಿದ್ದರು. ಒಮ್ಮೆ ಆಟೋ ಕರೆತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಆಪಾ ಪರದೆಯ ಹಿಂದೆ ನಿಂತು, ಅವರನ್ನೇ ಕೇಳಿರಿ ಎಂದರಂತೆ. ಅಣ್ಣ ಕೇಳಿದರು. ಉಸ್ತಾದರು ಎಡಗೈಯನ್ನು ಮೂಗಿನ ಹತ್ತಿರ ಒಯ್ದು, ಕಿತ್ತು ಎಸೆದಂತೆ ಮಾಡಿ ತೋರಿಸಿದರು. ಆಟೋ ತಿರುಗಿ ಹೋಯಿತು. ಅಣ್ಣ ಅನ್ಯಾಯದ ಮಾತು ಆಡಿದರು ಎಂದು ನಾನು ಆಗಲೂ ಅಂದುಕೊಳ್ಳಲಿಲ್ಲ. ಅವರಿಗೂ ಅದೇ ತಮ್ಮ ಬೇಕಾಗಿತ್ತು.

ಚಳಿಗಾಲದಲ್ಲಿ ಉಸ್ತಾದರಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಆಸ್ಪತ್ರೆಗೆ ಒಯ್ದರು. ಗಾಳಿಯ ಚೀಲದಲ್ಲಿ ಸೋಂಕು, ತಿಂದದ್ದು ಗೊತ್ತಾಗದ ಹಾಗೆ ಚೂರುಚೂರೇ ಒಳಗಿಳಿದಿರಬಹುದು, ಧೂಳಿನಿಂದ ಬಂದದ್ದೂ ಇರಬಹುದು, ಇಂಥದ್ದೇ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾತ್ರೆ, ಸೂಜಿ ಕೊಟ್ಟರು. ನಳಿಗೆಯ ಮಾತು ಮತ್ತೆ ಬಂತು. ಉಸ್ತಾದರ ಕೈ ಮತ್ತೆ ಮೂಗಿನ ಹತ್ತಿರ ಹೋಯಿತು. ಮನೆಗೆ ಕರೆತಂದರು. ಅವರು ಎರಡು ಮೂರು ದಿನ ಏನನ್ನೂ ತೆಗೆದುಕೊಳ್ಳಲಿಲ್ಲ. ಆಪಾ ತುಟಿಗೆ ಒದ್ದೆ ಬಟ್ಟೆ ಮುಟ್ಟಿಸುತ್ತ ಕೂತರು.

ಆಮೇಲೆ ಒಂದು ಬೆಳಿಗ್ಗೆ ಉಸ್ತಾದರು ತಾವಾಗಿಯೇ ಬಾಯಿ ತೆರೆದರು. ಆಪಾ ಒಂದು ಚೂರು ಇಟ್ಟರು, ಇಳಿಯಿತು. ಇನ್ನೊಂದು ಇಟ್ಟರು, ಅದೂ ಇಳಿಯಿತು. ಗೋಡೆಯ ಆಚೆಯಿಂದ ನನ್ನನ್ನು ಕೂಗಿ, ತಿಂದ್ರವಾ ಎಂದರು. ಎಷ್ಟೋ ತಿಂಗಳ ಮೇಲೆ ಅವರ ಆ ಹಳೆಯ ದನಿ ಕೇಳಿದೆ. ಮರುದಿನಕ್ಕೆಂದು ಕೂಡಲೇ ಹಣ್ಣು ಕಿವುಚಿ, ಡಬ್ಬಿ ಇಟ್ಟು, ಸ್ಟೋವು ಹಚ್ಚಿದರು. ಮುಚ್ಚಳದ ಮೇಲೆ ಕೆಂಡ ಹಾಕಿ ಒಳಗೆ ಹೋದರೆ ಉಸ್ತಾದರ ತಲೆ ಪಕ್ಕಕ್ಕೆ ವಾಲಿತ್ತು.

ಓಣಿಯವರು ಸೇರಿದರು. ಸಿರುಗುಪ್ಪದಿಂದ ಉಸ್ತಾದರ ಅಣ್ಣ, ಕುರುಗೋಡಿನಿಂದ ಮಗಳು ಹೊರಟರು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಉರಿಯಬಾರದು ಎಂಬುದು ಅವರಲ್ಲಿನ ಪದ್ಧತಿ. ಹಿರಿಯ ಹೆಂಗಸೊಬ್ಬರು ಸ್ಟೋವು ಆರಿಸಲು ಬಗ್ಗಿದರು. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ಆಪಾ ತಲೆಯೆತ್ತಿ, “ಆರಿಸಬ್ಯಾಡ್ರಿ. ಒಳಗ ಇನ್ನಾ ಹಸಿ ಐತಿ” ಎಂದರು.

ತಲೆ ಕೆಟ್ಟಿದೆ ಪಾಪ ಎಂದು ಯಾರೋ ಗೊಣಗಿದರು. ಹಿರಿಯ ಹೆಂಗಸು ಕೈ ಹಿಂದೆ ತೆಗೆಯಲಿಲ್ಲ. ನಾನು ಎದ್ದೆ. ಸೀರೆಯ ಸೆರಗಿನಿಂದ ಡೇಗ್ಚಿಯ ಕಿವಿ ಹಿಡಿದು ಎತ್ತಿದೆ; ಉಸುಕಿನ ಭಾರಕ್ಕೆ ಸೊಂಟ ಹಿಡಿಯಿತು. ಹಿತ್ತಲು ದಾಟಿ ನಮ್ಮ ಅಡುಗೆಮನೆಗೆ ತಂದು ನನ್ನ ಒಲೆಯ ಮೇಲೆ ಇಟ್ಟೆ. ನಮ್ಮ ಒಲೆಯ ಮೇಲೆ ತತ್ತಿ ಬಿದ್ದದ್ದು ಬೆಂದದ್ದು ಅದೇ ಮೊದಲು. ಕಡೆಯದೂ ಅದೇ. ನಿಮ್ಮಪ್ಪ ಕಾಲೇಜಿನಿಂದ ಬಂದು ವಾಸನೆ ಹಿಡಿದು ನನ್ನ ಮುಖ ನೋಡಿದ. ಬೆಂದ ಮೇಲೆ ಇಳಿಸಿ, ಬಟ್ಟೆ ಒದ್ದೆ ಮಾಡಿ, ಹಿಂಡಿ ಸುತ್ತಿಟ್ಟೆ.

ಅಣ್ಣ ಬಂದವರೇ ತಮ್ಮನ ಕಾಲ ಹತ್ತಿರ ಕುಸಿದರು. ಎಲ್ಲರ ಮುಂದೆ, “ನಳಿಗಿ ಹಾಕ್ಸಿದ್ರ ಇರ್ತಿದ್ದ. ಬಾಯಿರುಚಿ ತೋರಿಸಿ ಕೊಂದುಬಿಟ್ಲು” ಎಂದರು. ಹೆಂಗಸರ ಕಡೆ ಒಮ್ಮೆಲೇ ಅಳು ನಿಂತಿತು. ಆಪಾ ಗೋಡೆ ನೋಡುತ್ತ ಕೂತಿದ್ದರು. ಜಗಳಕ್ಕೆ ಮೂರು ಭಾಷೆಯಿದ್ದ ಹೆಂಗಸು ಒಂದರಲ್ಲೂ ಉತ್ತರ ಕೊಡಲಿಲ್ಲ.

ಮೂರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ನೆಂಟರೆಲ್ಲ ಕೂತಿದ್ದರು. ಆಪಾ ಆಗಲೇ ಇದ್ದತ್ ಹಿಡಿದಿದ್ದರು, ಗಂಡ ಸತ್ತ ಮೇಲೆ ಕೆಲವು ತಿಂಗಳು ಪರಪುರುಷರ ಕಣ್ಣಿಗೆ ಬೀಳದೆ ಒಳಗಿರುವುದು. ನನ್ನ ಹತ್ತಿರವಿದ್ದ ಬ್ರೆಡ್ಡಿನ ಗಂಟು ತರಿಸಿಕೊಂಡು, ಪರದೆಯ ಹಿಂದೆ ಕೂತು ಬಿಚ್ಚಿದರು. ಒಂದು ತುಂಡು ಕತ್ತರಿಸಿ ಮಗಳ ಕೈಯಲ್ಲಿ ಕೊಟ್ಟು, ಇದನ್ನು ದೊಡ್ಡಪ್ಪನಿಗೆ ಕೊಡು, ನಿಮ್ಮಪ್ಪ ತಿಂತಿದ್ದದ್ದು ಇದು ಅಂತ ಹೇಳು ಎಂದರು. ಅಣ್ಣ ತಟ್ಟೆ ತೆಗೆದುಕೊಂಡರು. ಬಹಳ ಹೊತ್ತು ನೋಡಿ ಸ್ವಲ್ಪ ಮುರಿದು ಬಾಯಿಗೆ ಹಾಕಿಕೊಂಡರು. ಗಟ್ಟಿ ಗಂಟಲಿನ ಆಳು. ಆದರೆ ಅವರಿಗೆ ಅದು ಇಳಿಯಲಿಲ್ಲ. ಬಾಯಲ್ಲಿ ಇಟ್ಟುಕೊಂಡೇ ಅತ್ತರು. ಉಳಿದದ್ದನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೋದರು. ಆಮೇಲೆ ಅವರು ಆ ಮನೆಗೆ ಬಂದದ್ದು ನನಗೆ ಗೊತ್ತಿಲ್ಲ.

ಇದ್ದತ್ ಮುಗಿದ ಮೇಲೆ ಮಗಳು ಆಪಾನನ್ನು ಕುರುಗೋಡಿಗೆ ಕರೆದುಕೊಂಡು ಹೋದಳು. ಅವರ ಮನೆಯನ್ನು ಯಾರೋ ಟೈರಿನವರೇ ಹಿಡಿದರು. ಗಣಿಗಳು ನಿಂತ ವರ್ಷ ಅವರೂ ಖಾಲಿ ಮಾಡಿದರು. ಲಾರಿಗಳು ಸಾಲುಸಾಲಾಗಿ ರಸ್ತೆ ಬದಿ ನಿಂತು ತುಕ್ಕು ಹಿಡಿದವು. ಗಿಡಗಳು ಮತ್ತೆ ಹಸಿರಾಗಲು ಬಹಳ ಮಳೆ ಬೇಕಾಯಿತು.

ನಾನು ಕುರುಗೋಡಿಗೆ ಕಡೆಯ ಸಲ ಹೋದದ್ದು ನೀವು ಹುಟ್ಟಿ ಮಾತು ಕಲಿತ ಮೇಲೆ. ನಿಮ್ಮ ಫೋಟೋ ಒಯ್ದಿದ್ದೆ. ಆಪಾ ಸಣ್ಣಗಾಗಿದ್ದರು, ಒಂದು ಕಣ್ಣು ಮಂಜಾಗಿತ್ತು. ಫೋಟೋವನ್ನು ಮೂಗಿನ ಹತ್ತಿರ ಹಿಡಿದು, ಇವಾದ್ರೂ ಮಾತಾಡ್ತಾವೋ ಇಲ್ಲೋ ಎಂದರು. ವಿಪರೀತ ಮಾತಾಡುತ್ತವೆ ಎಂದೆ. ಬಸ್ಸಿಗೆ ಹೊತ್ತಾಗುವವರೆಗೆ ಬಾಗಿಲ ಕಟ್ಟೆಯ ಮೇಲೆ ಕೂತೆವು. ಇಲ್ಲಿ ಬಂದ ಮೇಲೆ ಬಾಳೆಹಣ್ಣಿನ ಬ್ರೆಡ್ಡು ಮಾಡಿದಿರಾ ಎಂದು ಕೇಳಿದೆ. ಯಾರಿಗೆ ಮಾಡಲಿ, ಈ ಮನ್ಯಾಗ ಎಲ್ಲರಿಗೂ ಗಂಟಲು ಚಲೋ ಅದಾವು ಎಂದರು.

ಆಮೇಲೆ ನಾನು ಕೇಳದೆಯೇ ಅವರು ಮಾತು ತೆಗೆದರು. “ನಮ್ಮ ಭಾವ ಅಂದದ್ದು ಖರೇ ಇರಬೌದು, ತಂಗಿ. ನಳಿಗಿ ಹಾಕ್ಸಿದ್ರ ಇನ್ನೊಂದು ವರ್ಷ ಇರ್ತಿದ್ರೇನೋ. ದಿನಾ ನೆನಸ್ತೀನಿ. ನೆನಸದ ದಿನ ಇಲ್ಲ.”

ನಾನು ಅವರ ಕೈ ಮೇಲೆ ಕೈ ಇಟ್ಟೆ.

“ಆದ್ರ ಅವರು ಬಾಯಿ ತೆರೀತಿದ್ರವಾ” ಎಂದರು ಆಪಾ. “ಮುಚ್ಕೊಂಡಿದ್ರ ನಾನೂ ಬಿಡ್ತಿದ್ದೆ.”